ನಿಂತುಹೋದ ಅವಳಿ ಎಂಜಿನ್ ಲಘು ವಿಮಾನದ ಪುನಶ್ಚೇತನ

ನಿಂತುಹೋದ ಅವಳಿ ಎಂಜಿನ್ ಲಘು ವಿಮಾನದ ಪುನಶ್ಚೇತನ ಎಂದರೆ ಹ್ಯಾಂಗರ್‌ನ ಆಶ್ರಯವಿಲ್ಲದೆ ಹಲವು ವರ್ಷ ಬಯಲಿನಲ್ಲಿ ನಿಂತ, ಎರಡು ಪಿಸ್ಟನ್ ಎಂಜಿನ್‌ಗಳುಳ್ಳ ಸಣ್ಣ ವಿಮಾನವನ್ನು ಪರೀಕ್ಷಿಸಿ, ದುರಸ್ತಿಗೊಳಿಸಿ, ಕಾನೂನಿನ ದೃಷ್ಟಿಯಿಂದಲೂ ತಾಂತ್ರಿಕ ದೃಷ್ಟಿಯಿಂದಲೂ ಮತ್ತೆ ಹಾರಾಟಕ್ಕೆ ಯೋಗ್ಯವಾಗಿಸುವ ಕಾರ್ಯ. ಪೈಪರ್ ಅಪಾಚೆ, ಪೈಪರ್ ಆಜ್ಟೆಕ್, ಸೆಸ್ನಾ ೩೧೦, ಬೀಚ್‌ಕ್ರಾಫ್ಟ್ ಬ್ಯಾರನ್ ಮೊದಲಾದವು ಈ ವರ್ಗದ ಪ್ರಸಿದ್ಧ ವಿಮಾನಗಳು. ಇವೆಲ್ಲ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ತಯಾರಾದವು. ಹೀಗೆ ನಿಂತುಹೋದ ವಿಮಾನಗಳು ಅಲ್ಲಿನ ಸಣ್ಣ ವಿಮಾನ ನಿಲ್ದಾಣಗಳಲ್ಲಿ ಹೇರಳವಾಗಿರುವುದರಿಂದ ಈ ಲೇಖನದ ವಿವರಗಳು ಮುಖ್ಯವಾಗಿ ಆ ದೇಶದ ರೂಢಿ ಮತ್ತು ನಿಯಮಗಳನ್ನು ಅನುಸರಿಸಿವೆ.

ಈ ಕೆಲಸದ ಯಶಸ್ಸನ್ನು ಎಂಜಿನ್ ಚಾಲೂ ಆಯಿತೇ ಇಲ್ಲವೇ ಎಂಬುದರಿಂದ ಅಳೆಯುವ ರೂಢಿ ಸಾಮಾನ್ಯ ಜನರಲ್ಲಿದೆ. ಈ ಅಳತೆ ಸರಿಯಲ್ಲ. ಹೊಸ ಬ್ಯಾಟರಿ ಮತ್ತು ತಾಜಾ ಇಂಧನ ದೊರೆತರೆ ವರ್ಷಗಟ್ಟಲೆ ನಿಂತ ಎಂಜಿನ್ ಕೂಡ ಅನೇಕ ವೇಳೆ ಚಾಲೂ ಆಗುತ್ತದೆ. ಆದರೆ ಕ್ಯಾಮ್‌ಶಾಫ್ಟಿನ ಮೇಲೆ ಹಿಡಿದ ತುಕ್ಕು, ರೆಕ್ಕೆಯ ಮುಖ್ಯ ತೊಲೆಯಲ್ಲಿ ಆರಂಭವಾದ ಲೋಹಕ್ಷಯ, ಇಂಧನ ಚೀಲದ ಬಿರುಕು, ಪ್ರೊಪೆಲ್ಲರಿನ ಒಣಗಿದ ಸೀಲು ಇವುಗಳಲ್ಲಿ ಯಾವೊಂದನ್ನೂ ಆ ಸದ್ದು ತಿಳಿಸುವುದಿಲ್ಲ. ಎರಡು ಎಂಜಿನ್‌ಗಳಿರುವ ವಿಮಾನದಲ್ಲಿ ಇನ್ನೊಂದು ತೊಡಕೂ ಇದೆ. ಒಂದು ಎಂಜಿನ್ ಕೆಟ್ಟರೆ ಇನ್ನೊಂದು ಕಾಪಾಡುತ್ತದೆ ಎಂಬ ಭರವಸೆಯು ಅವೆರಡೂ ಪರಸ್ಪರ ಸಂಬಂಧವಿಲ್ಲದ ಕಾರಣಗಳಿಂದ ಕೆಡುತ್ತವೆ ಎಂಬ ಊಹೆಯ ಮೇಲೆ ನಿಂತಿದೆ. ಒಂದೇ ಮಳೆಯಲ್ಲಿ ನೆನೆದು, ಒಂದೇ ಬಿಸಿಲಿನಲ್ಲಿ ಒಣಗಿ, ಅಷ್ಟೇ ವರ್ಷ ಅಲುಗಾಡದೆ ಕುಳಿತ ಎರಡು ಎಂಜಿನ್‌ಗಳಿಗೆ ಈ ಊಹೆ ಅನ್ವಯಿಸುವುದಿಲ್ಲ.

ಹಿನ್ನೆಲೆ

ಅಮೆರಿಕದಲ್ಲಿ ಖಾಸಗಿ ಬಳಕೆಯ ಸಣ್ಣ ವಿಮಾನಗಳ ತಯಾರಿಕೆ ೧೯೭೮ರಲ್ಲಿ ಉತ್ತುಂಗ ತಲುಪಿತು. ಆ ಒಂದೇ ವರ್ಷ ಸುಮಾರು ೧೭,೮೦೦ ವಿಮಾನಗಳು ಮಾರಾಟವಾದವು. ಮುಂದಿನ ದಶಕದಲ್ಲಿ ಉದ್ಯಮವು ಕುಸಿಯಿತು. ಸೆಸ್ನಾ ಸಂಸ್ಥೆ ೧೯೮೬ರಲ್ಲಿ ಪಿಸ್ಟನ್ ಎಂಜಿನ್ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿ, ಹತ್ತು ವರ್ಷಗಳ ಬಳಿಕ ಏಕ ಎಂಜಿನ್ ಮಾದರಿಗಳನ್ನು ಮಾತ್ರ ಪುನರಾರಂಭಿಸಿತು. ಹೀಗಾಗಿ ಇಂದು ಬಳಕೆಯಲ್ಲಿರುವ ಅವಳಿ ಎಂಜಿನ್ ಲಘು ವಿಮಾನಗಳಲ್ಲಿ ಹೆಚ್ಚಿನವು ನಾಲ್ಕೈದು ದಶಕಗಳಷ್ಟು ಹಳೆಯವು.

ಸೆಸ್ನಾ ೩೧೦ ಈ ವರ್ಗದ ಮಾದರಿ ಉದಾಹರಣೆಯಾಗಿದೆ. ಇದರ ಮೊದಲ ಹಾರಾಟ ೧೯೫೩ರ ಜನವರಿ ೩ರಂದು ನಡೆಯಿತು. ತಯಾರಿಕೆ ೧೯೮೦ರವರೆಗೆ ಮುಂದುವರಿದು ೫,೦೦೦ಕ್ಕೂ ಹೆಚ್ಚು ವಿಮಾನಗಳು ಹೊರಬಂದವು. ಅಮೆರಿಕದ ವಾಯುಪಡೆಯೂ ಇದನ್ನು ಕೊಂಡು ಯು-೩ ಎಂಬ ಹೆಸರಿನಲ್ಲಿ ಬಳಸಿತು. ಇದಕ್ಕಿಂತ ಒಂದು ವರ್ಷ ಮೊದಲು, ೧೯೫೨ರಲ್ಲಿ ಹಾರಿದ ಪೈಪರ್ ಅಪಾಚೆಯು ಆ ಸಂಸ್ಥೆಯ ಮೊದಲ ಅವಳಿ ಎಂಜಿನ್ ವಿಮಾನ. ಪೈಪರ್ ಕೊಂಡುಕೊಂಡಿದ್ದ ಸ್ಟಿನ್ಸನ್ ವಿಭಾಗದ ವಿನ್ಯಾಸದಿಂದ ಅದು ಬೆಳೆದುಬಂದಿತು. ಬಹುಕಾಲ ಇವು ವ್ಯಾಪಾರಸ್ಥರ, ವೈದ್ಯರ, ಬಾಡಿಗೆ ವಿಮಾನ ನಡೆಸುವವರ ವಾಹನಗಳಾಗಿದ್ದವು. ಹಾರಾಟದ ಶಾಲೆಗಳಲ್ಲಿ ಬಹು ಎಂಜಿನ್ ತರಬೇತಿಗೂ ಬಳಕೆಯಾದವು.

ವಿಮಾನವೊಂದು ಬಯಲಿನಲ್ಲಿ ಉಳಿದುಹೋಗುವ ಕಾರಣಗಳು ಹೆಚ್ಚಾಗಿ ತಾಂತ್ರಿಕವಲ್ಲ. ಮಾಲೀಕನಿಗೆ ವಯಸ್ಸಾಗಿ ವೈದ್ಯಕೀಯ ಪ್ರಮಾಣಪತ್ರ ದೊರೆಯದಿರಬಹುದು. ಅವನು ತೀರಿಕೊಂಡ ಮೇಲೆ ವಾರಸುದಾರರಿಗೆ ಅದರ ಬಗ್ಗೆ ಏನೂ ತಿಳಿಯದಿರಬಹುದು. ವಾರ್ಷಿಕ ತಪಾಸಣೆಯಲ್ಲಿ ದೊಡ್ಡ ಖರ್ಚಿನ ದೋಷ ಕಂಡುಬಂದು 'ಮುಂದಿನ ವರ್ಷ ನೋಡೋಣ' ಎಂದು ಬಿಟ್ಟದ್ದು ಹತ್ತು ವರ್ಷವಾಗಿರಬಹುದು. ಅವಳಿ ಎಂಜಿನ್ ವಿಮಾನಗಳು ಈ ಗತಿಗೆ ಬೇಗ ಬೀಳುತ್ತವೆ. ಇಂಧನ, ಓವರ್‌ಹಾಲ್, ಪ್ರೊಪೆಲ್ಲರ್ ಎಲ್ಲದರ ಖರ್ಚೂ ಇಮ್ಮಡಿಯಾಗಿದ್ದು, ಮಾರುಕಟ್ಟೆಯ ಬೆಲೆ ಮಾತ್ರ ಆ ಪ್ರಮಾಣದಲ್ಲಿ ಹೆಚ್ಚಿರುವುದಿಲ್ಲ.

ನಿಂತಿರುವಾಗ ಆಗುವ ಹಾನಿ

ಎಷ್ಟು ವರ್ಷ ನಿಂತಿತ್ತು ಎಂಬುದಕ್ಕಿಂತ ಎಲ್ಲಿ ನಿಂತಿತ್ತು ಎಂಬುದು ಹೆಚ್ಚು ಮುಖ್ಯ. ಅಮೆರಿಕದ ಸೇನಾ ವಿಮಾನಗಳ ಬೃಹತ್ ಸಂಗ್ರಹವು ಅರಿಜೋನಾದ ಟೂಸಾನ್ ಬಳಿಯ ಡೇವಿಸ್-ಮಾಂಥನ್ ವಾಯುನೆಲೆಯಲ್ಲಿರುವುದಕ್ಕೆ ಅಲ್ಲಿನ ಒಣ ಹವೆ ಮತ್ತು ಗಟ್ಟಿ ನೆಲವೇ ಕಾರಣ. ಅಂಥ ಮರುಭೂಮಿಯಲ್ಲಿ ಹದಿನೈದು ವರ್ಷ ನಿಂತ ವಿಮಾನದ ಲೋಹವು ಫ್ಲಾರಿಡಾದ ಕಡಲಂಚಿನಲ್ಲಿ ಐದೇ ವರ್ಷ ನಿಂತದ್ದಕ್ಕಿಂತ ಉತ್ತಮವಾಗಿರುವುದು ಸಾಧ್ಯ. ಆದರೆ ಮರುಭೂಮಿಯ ಬಿಸಿಲು ರಬ್ಬರ್, ಪ್ಲಾಸ್ಟಿಕ್ ಮತ್ತು ಅಕ್ರಿಲಿಕ್ ಕಿಟಕಿಗಳನ್ನು ಉಳಿಸುವುದಿಲ್ಲ.

ವಿಮಾನದ ಹೊದಿಕೆ ಮತ್ತು ಚೌಕಟ್ಟಿಗೆ ಹೆಚ್ಚಾಗಿ ತಾಮ್ರ ಬೆರೆತ ಅಲ್ಯೂಮಿನಿಯಂ ಮಿಶ್ರಲೋಹವನ್ನು ಬಳಸುತ್ತಾರೆ. ೨೦೨೪ ಎಂಬ ಸಂಖ್ಯೆಯಿಂದ ಗುರುತಿಸಲಾಗುವ ಈ ಮಿಶ್ರಲೋಹ ಬಲವಾದುದು. ಆದರೆ ಶುದ್ಧ ಅಲ್ಯೂಮಿನಿಯಂನಷ್ಟು ತೇವವನ್ನು ತಾಳುವುದಿಲ್ಲ. ಆದ್ದರಿಂದ ಅದರ ತಗಡಿನ ಎರಡೂ ಮೈಗೆ ಶುದ್ಧ ಅಲ್ಯೂಮಿನಿಯಂನ ತೆಳು ಪದರವನ್ನು ಹೊದಿಸುತ್ತಾರೆ. ಪದರ ಸವೆದ ಅಥವಾ ಗೀರಿದ ಕಡೆ ನೀರು ನಿಂತರೆ ಲೋಹದ ಕಣಗಳ ನಡುವಿನ ಗಡಿಯುದ್ದಕ್ಕೂ ಕ್ಷಯ ಹಬ್ಬುತ್ತದೆ. ಹೊರಗಿನಿಂದ ಕಾಣುವುದು ಬಣ್ಣದ ಕೆಳಗಿನ ಸಣ್ಣ ಗುಳ್ಳೆಗಳು ಮತ್ತು ಬಿಳಿ ಪುಡಿ ಮಾತ್ರ. ದಪ್ಪ ತೊಲೆಗಳಲ್ಲಿ ಇದು ಮುಂದುವರಿದರೆ ಲೋಹವು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಉಬ್ಬಿ ಬಿಚ್ಚಿಕೊಳ್ಳುತ್ತದೆ. ಆ ಹಂತದಲ್ಲಿ ಉಜ್ಜಿ ಬಣ್ಣ ಬಳಿಯುವುದು ದುರಸ್ತಿ ಎನಿಸಿಕೊಳ್ಳುವುದಿಲ್ಲ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂನ್ನು ತಾಗುವ ಜಾಗಗಳು, ನಿಯಂತ್ರಣ ಫಲಕಗಳ ಕೀಲುಗಳು, ನೀರು ಇಳಿದುಹೋಗಲು ಕೊರೆದ ರಂಧ್ರಗಳು ಮುಚ್ಚಿಹೋದ ಫಲಕಗಳ ಒಳಭಾಗ ಇವು ವಿಶೇಷವಾಗಿ ನೋಡಬೇಕಾದ ಸ್ಥಳಗಳು.

ಮಾದರಿಗೆ ತಕ್ಕಂತೆ ಹುಡುಕಬೇಕಾದ ತಾಣವೂ ಬದಲಾಗುತ್ತದೆ. ಸೆಸ್ನಾ ೩೧೦ರ ಆರಂಭದ ಮಾದರಿಗಳಲ್ಲಿ ಎಂಜಿನ್‌ನ ಹೊಗೆಯು ರೆಕ್ಕೆಯ ಮೇಲ್ಭಾಗದ ಕೊಳವೆಗಳ ಮೂಲಕ ಹಿಂದಕ್ಕೆ ಹೋಗುತ್ತಿತ್ತು. ಆ ಮಸಿಯಲ್ಲಿರುವ ಲವಣಗಳು ತೇವದೊಂದಿಗೆ ಸೇರಿ ಲೋಹವನ್ನು ತಿನ್ನುತ್ತವೆ. ಆದ್ದರಿಂದ ಎಂಜಿನ್‌ಗಳ ಹಿಂಬದಿಯ ರೆಕ್ಕೆಯ ಭಾಗವನ್ನು ಬಿಚ್ಚಿ ನೋಡದೆ ಅಂಥ ವಿಮಾನದ ಬಗ್ಗೆ ಯಾವ ತೀರ್ಮಾನವನ್ನೂ ಕೊಡಲಾಗದು. ಅಪಾಚೆ ಮತ್ತು ಆಜ್ಟೆಕ್‌ಗಳಲ್ಲಿ ಕ್ಯಾಬಿನ್‌ನ ಸುತ್ತ ಬೆಸುಗೆ ಹಾಕಿದ ಉಕ್ಕಿನ ಕೊಳವೆಗಳ ಹಂದರವಿದೆ. ಬಾಗಿಲು ಮತ್ತು ಕಿಟಕಿಗಳಿಂದ ಸೋರಿದ ಮಳೆನೀರು ನೆಲಹಾಸಿನ ಕೆಳಗೆ ತಂಗಿ ಈ ಕೊಳವೆಗಳನ್ನು ಹೊರಕ್ಕೆ ಕಾಣದಂತೆ ತುಕ್ಕು ಹಿಡಿಸುತ್ತದೆ.

ಪ್ರಾಣಿಗಳ ವಾಸ

ಬಯಲಿನ ವಿಮಾನ ಬೇಗನೆ ಮನೆಯಾಗುತ್ತದೆ. ಎಂಜಿನ್ ಕವಚದೊಳಗೆ ಮತ್ತು ಬಾಲದ ಸಂದುಗಳಲ್ಲಿ ಹಕ್ಕಿಗಳು ಹುಲ್ಲು ತುರುಕುತ್ತವೆ. ಆ ಹುಲ್ಲು ತೇವವನ್ನು ಹಿಡಿದಿಡುವುದಲ್ಲದೆ ಎಂಜಿನ್ ಚಾಲೂ ಮಾಡಿದಾಗ ಬೆಂಕಿಗೂ ಕಾರಣವಾಗಬಲ್ಲುದು. ಇಲಿಗಳ ಹಾನಿ ಇನ್ನೂ ಹೆಚ್ಚಿನದು: ತಂತಿಯ ಹೊದಿಕೆಯನ್ನು ಕಡಿಯುವುದರ ಜೊತೆಗೆ ಅವುಗಳ ಮೂತ್ರವು ಅಲ್ಯೂಮಿನಿಯಂನ್ನು ತೂತು ಬೀಳುವಷ್ಟು ತಿನ್ನಬಲ್ಲುದು.

ಎಲ್ಲಕ್ಕಿಂತ ಸಣ್ಣ ಅತಿಥಿಯೇ ಹೆಚ್ಚು ಅಪಾಯಕಾರಿ. ವಿಮಾನದ ವೇಗವನ್ನು ತಿಳಿಸುವ ಪಿಟೊ ಕೊಳವೆಯ ಬಾಯಿ ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ (ಕುಂಬಾರ ಹುಳುಗಳಿಗೆ) ಸರಿಯಾದ ಅಳತೆಯದು. ೧೯೯೬ರ ಫೆಬ್ರವರಿ ೬ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಿಂದ ಹೊರಟ ಬರ್ಗೆನ್‌ಏರ್ ಸಂಸ್ಥೆಯ ಬೋಯಿಂಗ್ ೭೫೭ ಸಮುದ್ರಕ್ಕೆ ಬಿದ್ದು ೧೮೯ ಜನರು ಸತ್ತರು. ಸುಮಾರು ಮೂರು ವಾರ ನಿಂತಿದ್ದ ಆ ವಿಮಾನದ ಪಿಟೊ ಕೊಳವೆಯನ್ನು ಕಣಜದ ಗೂಡು ಮುಚ್ಚಿದ್ದಿರಬೇಕು ಎಂಬುದು ತನಿಖೆಯ ನಿಲುವು. ಆಸ್ಟ್ರೇಲಿಯಾದ ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಹೊರದೇಶದಿಂದ ಬಂದು ನೆಲೆಸಿದ ಒಂದು ಜಾತಿಯ ಕಣಜವು, ನಿಲುಗಡೆಯ ಅಲ್ಪಾವಧಿಯಲ್ಲೇ ಇಂಥ ಕೊಳವೆಗಳಲ್ಲಿ ಗೂಡು ಕಟ್ಟುವುದು ದಾಖಲಾಗಿದೆ. ೨೦೨೦ರಲ್ಲಿ ಕೊರೊನಾ ಸೋಂಕಿನಿಂದ ವಿಮಾನಗಳು ಸಾಲುಸಾಲಾಗಿ ನಿಂತು ಮತ್ತೆ ಹಾರತೊಡಗಿದಾಗ, ತಪ್ಪು ವೇಗ ತೋರಿಸಿದ ಪ್ರಕರಣಗಳು ಹೆಚ್ಚಿದವೆಂದು ಯುರೋಪಿನ ವಾಯುಯಾನ ಸುರಕ್ಷತಾ ಸಂಸ್ಥೆ ಎಚ್ಚರಿಕೆ ನೀಡಿತು. ವೃತ್ತಿಪರ ನಿರ್ವಹಣೆಯಲ್ಲಿರುವ ದೊಡ್ಡ ವಿಮಾನಗಳ ಪಾಡೇ ಇದಾದರೆ, ಹೊದಿಕೆಯಿಲ್ಲದೆ ಹತ್ತು ವರ್ಷ ನಿಂತ ಸಣ್ಣ ವಿಮಾನದ ಪಿಟೊ ಕೊಳವೆ, ಸ್ಥಿರ ಒತ್ತಡದ ರಂಧ್ರಗಳು ಮತ್ತು ಇಂಧನ ಟ್ಯಾಂಕಿನ ಗಾಳಿಕಿಂಡಿಗಳು ತೆರೆದಿವೆ ಎಂದು ನಂಬಲು ಆಧಾರವಿಲ್ಲ.

ಎಂಜಿನ್

ಈ ವರ್ಗದ ವಿಮಾನಗಳ ಎಂಜಿನ್‌ಗಳನ್ನು ಬಹುತೇಕ ಎರಡೇ ಸಂಸ್ಥೆಗಳು ತಯಾರಿಸಿವೆ: ಲೈಕಮಿಂಗ್ ಮತ್ತು ಕಾಂಟಿನೆಂಟಲ್. ಅಪಾಚೆ ಮತ್ತು ಆಜ್ಟೆಕ್‌ಗಳಲ್ಲಿ ಲೈಕಮಿಂಗ್, ಸೆಸ್ನಾ ೩೧೦ರಲ್ಲಿ ಕಾಂಟಿನೆಂಟಲ್ ಇವೆ. ಎರಡರಲ್ಲೂ ಸಿಲಿಂಡರ್‌ಗಳು ಎಡಬಲಕ್ಕೆ ಅಡ್ಡಲಾಗಿ ಮಲಗಿದ್ದು ಗಾಳಿಯಿಂದ ತಣಿಯುತ್ತವೆ. ನಿಂತ ಎಂಜಿನ್‌ನ ಭವಿಷ್ಯವನ್ನು ನಿರ್ಧರಿಸುವ ವ್ಯತ್ಯಾಸವೊಂದು ಇವುಗಳ ಒಳಗಿದೆ. ಕವಾಟಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಲೈಕಮಿಂಗ್ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಕ್ರ್ಯಾಂಕ್‌ಶಾಫ್ಟಿನ ಮೇಲಿದೆ, ಕಾಂಟಿನೆಂಟಲ್ ಎಂಜಿನ್‌ಗಳಲ್ಲಿ ಕೆಳಗಿದೆ. ಎಂಜಿನ್ ನಿಂತ ಮೇಲೆ ಎಣ್ಣೆಯೆಲ್ಲ ನಿಧಾನವಾಗಿ ತಳಕ್ಕೆ ಇಳಿಯುವುದರಿಂದ ಮೇಲಿರುವ ಕ್ಯಾಮ್‌ಶಾಫ್ಟಿನ ಮೇಲಿನ ಎಣ್ಣೆಯ ಪೊರೆ ಬೇಗ ತೆಳುವಾಗುತ್ತದೆ. ಹಗಲು ಕಾದು ರಾತ್ರಿ ತಣಿಯುವಾಗ ಒಳಗಿನ ಗಾಳಿಯ ತೇವವು ಬೆವರಿನಂತೆ ಹನಿಗಟ್ಟಿ ಆ ಬತ್ತಲೆ ಉಕ್ಕಿನ ಮೇಲೆ ಕೂರುತ್ತದೆ.

ಅಲ್ಲಿ ಹಿಡಿಯುವ ತುಕ್ಕು ಕಣ್ಣಿಗೆ ಅತ್ಯಲ್ಪವಾಗಿ ಕಾಣಬಹುದು. ಆದರೆ ಕ್ಯಾಮ್‌ನ ಉಬ್ಬು ಮತ್ತು ಅದರ ಮೇಲೆ ಜಾರುವ ಟ್ಯಾಪೆಟ್‌ನ ಮುಖ ಗಾಜಿನಂತೆ ನುಣುಪಾಗಿರಬೇಕಾದವು. ತುಕ್ಕಿನಿಂದ ಗುಳಿಬಿದ್ದ ಟ್ಯಾಪೆಟ್ ಅರದಂತೆ ವರ್ತಿಸಿ ಕ್ಯಾಮ್‌ನ ಉಬ್ಬನ್ನು ಕೆರೆಯುತ್ತದೆ. ಎಂಜಿನ್ ಸುಗಮವಾಗಿಯೇ ಚಾಲೂ ಆಗುತ್ತದೆ. ಮೊದಲ ಹಾರಾಟಗಳೂ ಸುಗಮವಾಗಿರುತ್ತವೆ. ಹತ್ತಾರು ಗಂಟೆಗಳ ಬಳಿಕ ಎಣ್ಣೆಯ ಸೋಸಕದಲ್ಲಿ ಲೋಹದ ಚೂರುಗಳು ಕಾಣಿಸುತ್ತವೆ, ಕವಾಟ ಪೂರ್ತಿ ತೆರೆಯದೆ ಶಕ್ತಿ ಕುಗ್ಗುತ್ತದೆ. ಆ ವೇಳೆಗೆ ಮಾಲೀಕನು ಹಣವನ್ನು ರೇಡಿಯೋ, ಆಸನ ಮತ್ತು ಬಣ್ಣಕ್ಕೆ ಸುರಿದಿರುತ್ತಾನೆ. ಆದ್ದರಿಂದ ಕ್ಯಾಮ್‌ಶಾಫ್ಟನ್ನು ಕಣ್ಣಾರೆ ಕಾಣುವುದು ಮೊದಲ ಕೆಲಸವಾಗಬೇಕು. ಕಾಂಟಿನೆಂಟಲ್‌ನ ಅನೇಕ ಮಾದರಿಗಳಲ್ಲಿ ಸಿಲಿಂಡರನ್ನು ಮುಟ್ಟದೆ ಟ್ಯಾಪೆಟ್‌ಗಳನ್ನು ಹೊರತೆಗೆದು ಮುಖವನ್ನು ನೋಡಬಹುದು. ಲೈಕಮಿಂಗ್‌ನಲ್ಲಿ ಸಾಮಾನ್ಯವಾಗಿ ಒಂದೆರಡು ಸಿಲಿಂಡರ್‌ಗಳನ್ನಾದರೂ ಬಿಚ್ಚಬೇಕಾಗುತ್ತದೆ. ಶ್ರಮದ ಕೆಲಸವೆಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು.

ಎಂಜಿನ್‌ಗೆ ವ್ಯಾಯಾಮವಾಗಲೆಂದು ನಿಂತಲ್ಲೇ ಆಗಾಗ ಚಾಲೂ ಮಾಡುವುದು ಅಥವಾ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸುವುದು ಹಳೆಯ ಅಭ್ಯಾಸ. ಎರಡೂ ಹಾನಿಕರ. ಇಂಧನ ಉರಿದಾಗ ನೀರಿನ ಆವಿಯೂ ಉಂಟಾಗುತ್ತದೆ. ಅದರಲ್ಲಿ ಒಂದಂಶ ಪಿಸ್ಟನ್ ಉಂಗುರಗಳನ್ನು ದಾಟಿ ಎಣ್ಣೆಗೆ ಸೇರುತ್ತದೆ. ಎಣ್ಣೆಯ ಉಷ್ಣತೆ ಸುಮಾರು ೭೪ರಿಂದ ೯೩ ಡಿಗ್ರಿ ಸೆಲ್ಸಿಯಸ್‌ಗೆ ಏರಿ ಹಾರಾಟದಲ್ಲಿ ಸಾಕಷ್ಟು ಹೊತ್ತು ಅಲ್ಲೇ ಇದ್ದರೆ ಮಾತ್ರ ಆ ನೀರು ಹೊರಹೋಗುತ್ತದೆ ಎಂಬುದು ಲೈಕಮಿಂಗ್‌ನ ಸೂಚನೆ. ನೆಲದ ಮೇಲಿನ ಹತ್ತು ನಿಮಿಷದ ಓಟವು ನೀರನ್ನು ಸೇರಿಸುತ್ತದೆಯೇ ಹೊರತು ತೆಗೆಯುವುದಿಲ್ಲ. ಕೈಯಿಂದ ತಿರುಗಿಸಿದರೆ ಉಳಿದಿದ್ದ ಎಣ್ಣೆಯ ಪೊರೆಯೂ ಒರೆಸಿಹೋಗುತ್ತದೆ. ಮ್ಯಾಗ್ನೆಟೊದ ತಂತಿ ಕಡಿದಿದ್ದರೆ ಎಂಜಿನ್ ತಟ್ಟನೆ ಹೊತ್ತಿಕೊಂಡು ತಿರುಗಿಸಿದವನ ಪ್ರಾಣಕ್ಕೂ ಎರವಾಗಬಹುದು. ಸರಿಯಾದ ಕ್ರಮವೆಂದರೆ ನಿಲ್ಲಿಸುವ ಮೊದಲೇ ಸಂರಕ್ಷಕ ಎಣ್ಣೆ ತುಂಬಿ, ಸ್ಪಾರ್ಕ್ ಪ್ಲಗ್‌ಗಳ ಜಾಗದಲ್ಲಿ ತೇವ ಹೀರುವ ಸಿಲಿಕಾ ಜೆಲ್‌ನ ಪ್ಲಗ್‌ಗಳನ್ನು ಕೂರಿಸುವುದು. ನೀಲಿಯಾಗಿರುವ ಈ ಹರಳುಗಳು ತೇವದಿಂದ ತುಂಬಿದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಬಿಟ್ಟುಹೋದ ವಿಮಾನಗಳಲ್ಲಿ ಇಂಥ ವ್ಯವಸ್ಥೆ ಕಾಣಸಿಗುವುದು ಅಪರೂಪ. ವಿಮಾನವನ್ನು ಶಾಶ್ವತವಾಗಿ ಬಿಡುತ್ತೇನೆಂದು ಯಾರೂ ಮೊದಲೇ ನಿರ್ಧರಿಸಿರುವುದಿಲ್ಲ.

ಸಿಲಿಂಡರ್‌ಗಳ ಒಳಭಾಗವನ್ನು ಪ್ಲಗ್‌ನ ರಂಧ್ರದಿಂದ ಬೋರ್‌ಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಇಳಿಸಿ ನೋಡುತ್ತಾರೆ. ಗೋಡೆಯ ಮೇಲಿನ ತೆಳು ಕಂದು ಛಾಯೆ ಎಂಜಿನ್ ಓಡಿದಾಗ ಅಳಿಯಬಹುದು, ಗುಳಿಗಳಿದ್ದರೆ ಅಳಿಯುವುದಿಲ್ಲ. ಚದರ ಅಂಗುಲಕ್ಕೆ ೮೦ ಪೌಂಡ್ ಒತ್ತಡದ ಗಾಳಿಯನ್ನು ಸಿಲಿಂಡರ್‌ಗೆ ಹಾಯಿಸಿ ಎಷ್ಟು ಉಳಿಯುತ್ತದೆ ಎಂದು ಅಳೆಯುವ ಪರೀಕ್ಷೆಯೂ ರೂಢಿಯಲ್ಲಿದೆ. ಆದರೆ ಒಣಗಿದ, ತಣ್ಣನೆಯ ಎಂಜಿನ್‌ನಲ್ಲಿ ಅದರ ಅಂಕಿಗಳು ದಾರಿ ತಪ್ಪಿಸಬಹುದು. ಇವುಗಳ ಜೊತೆಗೆ ಎಂಜಿನ್ ವಿಭಾಗದ ರಬ್ಬರ್ ಕೊಳವೆಗಳೆಲ್ಲವನ್ನೂ ಬದಲಾಯಿಸುವುದು ವಾಡಿಕೆ. ಬಾಗಿಸಿದರೆ ಬಿರುಕು ಬಿಡುವ ಇಂಧನದ ಕೊಳವೆಯು ಬಿಸಿ ಹೊಗೆ ಕೊಳವೆಯ ಪಕ್ಕದಲ್ಲೇ ಹಾದುಹೋಗುತ್ತದೆ ಎಂಬುದೇ ಇದಕ್ಕೆ ಸಾಕಷ್ಟು ಕಾರಣ.

ಮೊದಲ ಚಾಲನೆ

ಪರೀಕ್ಷೆಗಳು ತೃಪ್ತಿಕರವಾದ ಮೇಲೆ ಹಳೆಯ ಎಣ್ಣೆಯನ್ನು ಬಸಿದು ಹೊಸದನ್ನು ತುಂಬುತ್ತಾರೆ. ಸಿಲಿಂಡರ್‌ಗಳಿಗೆ ಎಣ್ಣೆ ಸಿಂಪಡಿಸಿ, ಪ್ಲಗ್‌ಗಳನ್ನು ತೆಗೆದಿಟ್ಟು, ಎಣ್ಣೆಯ ಒತ್ತಡ ಕಾಣಿಸುವವರೆಗೆ ಸ್ಟಾರ್ಟರಿನಿಂದ ಎಂಜಿನನ್ನು ಸುತ್ತಿಸುತ್ತಾರೆ. ಒಣ ಬೇರಿಂಗ್‌ಗಳ ಮೇಲೆ ಪೂರ್ಣ ಭಾರ ಬೀಳದಿರಲೆಂದು ಈ ಕ್ರಮ. ಬಳಿಕ ವಿಮಾನವನ್ನು ನೆಲಕ್ಕೆ ಬಿಗಿದು, ಚಕ್ರಗಳಿಗೆ ಅಡೆ ಇಟ್ಟು, ಬೆಂಕಿ ಆರಿಸುವ ಸಾಧನದೊಂದಿಗೆ ಒಬ್ಬರನ್ನು ಹೊರಗೆ ನಿಲ್ಲಿಸಿ ಒಂದೊಂದಾಗಿ ಎಂಜಿನ್‌ಗಳನ್ನು ಚಾಲೂ ಮಾಡಲಾಗುತ್ತದೆ. ೩೦ ಸೆಕೆಂಡುಗಳೊಳಗೆ ಎಣ್ಣೆಯ ಒತ್ತಡ ಕಾಣದಿದ್ದರೆ ನಿಲ್ಲಿಸಲೇಬೇಕು. ಅಲ್ಪಕಾಲದ ಓಟದ ನಂತರ ಸೋಸಕವನ್ನು ಕತ್ತರಿಸಿ, ಮಡಿಕೆಗಳನ್ನು ಬಿಡಿಸಿ, ಬೆಳಕಿನಲ್ಲಿ ಲೋಹದ ಚೂರುಗಳಿಗಾಗಿ ಹುಡುಕುತ್ತಾರೆ. ಎಣ್ಣೆಯ ಮಾದರಿಯನ್ನು ಪ್ರಯೋಗಾಲಯಕ್ಕೂ ಕಳುಹಿಸುತ್ತಾರೆ.

ಇಂಧನ ವ್ಯವಸ್ಥೆ

ಪಿಸ್ಟನ್ ವಿಮಾನಗಳು ಬಳಸುವ ೧೦೦ಎಲ್‌ಎಲ್ ಪೆಟ್ರೋಲಿಗೆ ಗುರುತಿಗಾಗಿ ನೀಲಿ ಬಣ್ಣ ಬೆರೆಸಿರುತ್ತಾರೆ. ರೆಕ್ಕೆಯ ಕೆಳಗೆ ರಿವೆಟ್‌ಗಳ ಸುತ್ತ ಕಾಣುವ ನೀಲಿ ಕಲೆ ಸೋರಿಕೆಯ ನೇರ ಸಾಕ್ಷಿ. ವರ್ಷಗಟ್ಟಲೆ ಉಳಿದ ಇಂಧನದ ಹಗುರ ಅಂಶಗಳು ಆವಿಯಾಗಿ ಅಂಟಿನಂಥ ಗಸಿ ಉಳಿಯುತ್ತದೆ. ಅದು ಕಾರ್ಬ್ಯುರೇಟರಿನ ಅಥವಾ ಇಂಜೆಕ್ಷನ್ ವ್ಯವಸ್ಥೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಒಣಗಿದ ಮುಚ್ಚಳದ ಸೀಲಿನ ಮೂಲಕ ಮಳೆನೀರು ಟ್ಯಾಂಕಿಗೆ ಇಳಿಯುತ್ತದೆ.

ಅನೇಕ ಅವಳಿ ಎಂಜಿನ್ ವಿಮಾನಗಳ ಇಂಧನವು ರೆಕ್ಕೆಯೊಳಗಿನ ರಬ್ಬರಿನ ಚೀಲಗಳಲ್ಲಿರುತ್ತದೆ. ಸೆಸ್ನಾ ೩೧೦ರ ಮುಖ್ಯ ಟ್ಯಾಂಕುಗಳು ರೆಕ್ಕೆಯ ತುದಿಯಲ್ಲಿದ್ದರೂ ಸಹಾಯಕ ಇಂಧನವು ಇಂಥ ಚೀಲಗಳಲ್ಲಿದೆ. ಇಂಧನ ತುಂಬಿರುವವರೆಗೆ ರಬ್ಬರ್ ಮೆದುವಾಗಿರುತ್ತದೆ. ಖಾಲಿಯಾಗಿ ಒಣಗಿದರೆ ಸುಕ್ಕುಗಟ್ಟಿ ಬಿರಿಯುತ್ತದೆ. ಚೀಲವು ಗುಂಡಿಗಳಿಂದ ಕಳಚಿ ಸುಕ್ಕಾದರೆ ಆ ಮಡಿಕೆಯ ಹಿಂದೆ ನೀರು ಅಡಗಿ ಕೂರುತ್ತದೆ. ತಳದ ನಲ್ಲಿಯಿಂದ ಎಷ್ಟು ಬಸಿದರೂ ಬಾರದ ಆ ನೀರು ವಿಮಾನವು ಮೂಗೆತ್ತಿ ಮೇಲೇರುವಾಗ ಹರಿದು ಎಂಜಿನನ್ನು ನಿಲ್ಲಿಸಬಹುದು. ಇಂಧನದ ದಾರಿಯನ್ನು ಬದಲಿಸುವ ಕವಾಟಗಳು ಇನ್ನೊಂದು ದುರ್ಬಲ ಬಿಂದು. ಎಡ ಟ್ಯಾಂಕಿನಿಂದ ಬಲ ಎಂಜಿನ್‌ಗೆ ಇಂಧನ ಕೊಡುವ ಅಡ್ಡದಾರಿಯ ಕವಾಟವನ್ನು ದಿನನಿತ್ಯ ಯಾರೂ ಬಳಸುವುದಿಲ್ಲ, ಅದು ಬೇಕಾಗುವುದು ಸಂಕಟದ ಹೊತ್ತಿನಲ್ಲೇ. ಆದ್ದರಿಂದ ಪ್ರತಿಯೊಂದು ಸ್ಥಾನದಲ್ಲೂ ಎಷ್ಟು ಇಂಧನ ಹರಿಯುತ್ತದೆ ಎಂದು ಪಾತ್ರೆಯಲ್ಲಿ ಹಿಡಿದು ಅಳೆಯುವುದು ಉತ್ತಮ ಪದ್ಧತಿ.

ಪ್ರೊಪೆಲ್ಲರ್

ಏಕ ಎಂಜಿನ್ ವಿಮಾನದ ಪುನಶ್ಚೇತನಕ್ಕೂ ಇದಕ್ಕೂ ಇರುವ ದೊಡ್ಡ ಭೇದ ಪ್ರೊಪೆಲ್ಲರಿನಲ್ಲಿದೆ. ಎಂಜಿನ್ ನಿಂತಾಗ ಅದರ ಪ್ರೊಪೆಲ್ಲರ್ ಗಾಳಿಗೆ ತಿರುಗುತ್ತಲೇ ಇದ್ದರೆ ದೊಡ್ಡ ತಟ್ಟೆಯೊಂದನ್ನು ಗಾಳಿಗೆ ಅಡ್ಡ ಹಿಡಿದಂತೆ ಎಳೆತ ಉಂಟಾಗುತ್ತದೆ. ಅದನ್ನು ತಪ್ಪಿಸಲು ಅಲಗುಗಳನ್ನು ಗಾಳಿಯ ದಿಕ್ಕಿಗೆ ನೇರವಾಗಿ ತಿರುಗಿಸಿ ನಿಲ್ಲಿಸುತ್ತಾರೆ. ಇದಕ್ಕೆ ಫೆದರಿಂಗ್ ಎಂದು ಹೆಸರು. ಸಾಮಾನ್ಯ ವಿನ್ಯಾಸದಲ್ಲಿ ಎಂಜಿನ್ ಎಣ್ಣೆಯ ಒತ್ತಡವು ಅಲಗುಗಳನ್ನು ಕಡಿಮೆ ಕೋನದಲ್ಲಿ ಹಿಡಿದಿರುತ್ತದೆ. ಒತ್ತಡ ತೆಗೆದಾಗ ಗುಂಬದೊಳಗಿನ ಸ್ಪ್ರಿಂಗ್ ಅಥವಾ ಸಂಕುಚಿತ ಅನಿಲ ಮತ್ತು ಪ್ರತಿತೂಕಗಳು ಅವನ್ನು ಫೆದರ್ ಸ್ಥಿತಿಗೆ ತಳ್ಳುತ್ತವೆ. ವರ್ಷಗಟ್ಟಲೆ ನಿಂತಾಗ ಸೀಲುಗಳು ಒಣಗಿ ಅನಿಲ ಸೋರುತ್ತದೆ, ಗ್ರೀಸು ಗಟ್ಟಿಯಾಗುತ್ತದೆ, ಹಬ್‌ನೊಳಗೆ ನೀರು ಸೇರಿ ಅಲಗಿನ ಬುಡವನ್ನು ತಿನ್ನುತ್ತದೆ. ಹೊರಗಿನಿಂದ ಇದಾವುದೂ ಕಾಣದು. ಓಡಿದ ಗಂಟೆಗಳಿಗಷ್ಟೇ ಅಲ್ಲದೆ ಕಳೆದ ವರ್ಷಗಳಿಗೂ ಪ್ರೊಪೆಲ್ಲರ್ ತಯಾರಕರು ಮಿತಿ ವಿಧಿಸಿರುವುದಕ್ಕೆ ಕಾರಣ ಇದೇ.

ಫೆದರಿಂಗ್‌ಗೆ ಒಂದು ಗಡುವೂ ಇದೆ. ನೆಲದಲ್ಲಿ ಎಂಜಿನ್ ನಿಲ್ಲಿಸಿದಾಗ ಅಲಗುಗಳು ತಾವಾಗಿ ಫೆದರ್ ಆಗದಂತೆ ತಡೆಯುವ ಬೀಗದ ಕಡ್ಡಿಗಳು, ನಿಮಿಷಕ್ಕೆ ಸುಮಾರು ೮೦೦ ಸುತ್ತುಗಳ ಆಸುಪಾಸಿಗೆ ವೇಗ ಇಳಿದೊಡನೆ ಒಳಸೇರುತ್ತವೆ. ಗಾಳಿಯಲ್ಲಿ ಎಂಜಿನ್ ಬಿಗಿದು ನಿಧಾನವಾದರೆ ಈ ಕಡ್ಡಿಗಳೇ ಪೈಲಟ್‌ಗೆ ಅಡ್ಡಿಯಾಗುತ್ತವೆ.

ಲ್ಯಾಂಡಿಂಗ್ ಗೇರ್ ಮತ್ತು ಹೀಟರ್

ಅಪಾಚೆಯ ಚಕ್ರಗಳು ಹೈಡ್ರಾಲಿಕ್ ಒತ್ತಡದಿಂದ ಮಡಚಿಕೊಳ್ಳುತ್ತವೆ. ಅದರ ಪಂಪು ಎಡ ಎಂಜಿನ್‌ಗೆ ಮಾತ್ರ ಜೋಡಿಸಲ್ಪಟ್ಟಿದೆ. ಏರುವಾಗ ಎಡ ಎಂಜಿನ್ನೇ ನಿಂತರೆ ಪೈಲಟ್ ವಿಮಾನವನ್ನು ಸಂಭಾಳಿಸುತ್ತಲೇ ಕೈಪಂಪನ್ನು ಒತ್ತಿ ಚಕ್ರಗಳನ್ನು ಮೇಲೆತ್ತಬೇಕು. ಸೆಸ್ನಾ ೩೧೦ರಲ್ಲಿ ವಿದ್ಯುತ್ ಮೋಟರು ಸರಳು ಮತ್ತು ಸನ್ನೆಗಳ ಸರಣಿಯ ಮೂಲಕ ಮೂರು ಚಕ್ರಗಳನ್ನೂ ಎತ್ತಿಳಿಸುತ್ತದೆ. ಈ ಸರಣಿಯ ಹೊಂದಾಣಿಕೆ ತಪ್ಪಿದರೆ ನೆಲ ಮುಟ್ಟಿದಾಗ ಕಾಲು ಕುಸಿಯಬಹುದು. ಯಾವುದೇ ಮಾದರಿಯಾದರೂ ವಿಮಾನವನ್ನು ಜಾಕ್‌ಗಳ ಮೇಲೆತ್ತಿ ಚಕ್ರಗಳನ್ನು ಹಲವು ಬಾರಿ ಮಡಚಿ ಬಿಚ್ಚುವ ಪರೀಕ್ಷೆ ಅನಿವಾರ್ಯ; ತುರ್ತು ವ್ಯವಸ್ಥೆಯನ್ನೂ ಆಗಲೇ ಪರೀಕ್ಷಿಸಬೇಕು. ಟೈರು, ಟ್ಯೂಬು, ಬ್ರೇಕಿನ ಸೀಲುಗಳ ವಿಚಾರದಲ್ಲಿ ಚರ್ಚೆಗೆ ಅವಕಾಶವಿಲ್ಲ, ಅವು ಬದಲಾಗಲೇಬೇಕು.

ಸಾಮಾನ್ಯವಾಗಿ ಮರೆತುಹೋಗುವ ಭಾಗವೆಂದರೆ ಕ್ಯಾಬಿನ್ ಹೀಟರ್. ಅವಳಿ ಎಂಜಿನ್ ವಿಮಾನಗಳಲ್ಲಿ ಇದು ವಿಮಾನದ ಪೆಟ್ರೋಲನ್ನೇ ಉರಿಸುವ ಪುಟ್ಟ ಕುಲುಮೆ. ಸೆಸ್ನಾ ೩೧೦ರಲ್ಲಿ ಮೂಗಿನೊಳಗಿದೆ. ಅದರ ದಹನ ಕೋಣೆ ತುಕ್ಕಿನಿಂದ ಬಿರಿದರೆ ಇಂಗಾಲದ ಮಾನಾಕ್ಸೈಡ್ ಕ್ಯಾಬಿನ್‌ಗೆ ನುಗ್ಗುತ್ತದೆ. ಒತ್ತಡ ಪರೀಕ್ಷೆ ಮಾಡಿಸುವವರೆಗೆ ಹೀಟರಿನ ಇಂಧನದ ದಾರಿಯನ್ನು ಮುಚ್ಚಿ, ಬಳಸಬಾರದೆಂದು ಫಲಕ ಅಂಟಿಸುವುದು ಸುರಕ್ಷಿತ.

ಕಾನೂನು ಮತ್ತು ದಾಖಲೆಗಳು

ಅಮೆರಿಕದಲ್ಲಿ ಪ್ರತಿ ಹನ್ನೆರಡು ತಿಂಗಳಿಗೊಮ್ಮೆ ವಾರ್ಷಿಕ ತಪಾಸಣೆ ಆಗದ ವಿಮಾನ ಹಾರುವಂತಿಲ್ಲ. ಈ ತಪಾಸಣೆಯನ್ನು ಸಹಿ ಮಾಡಲು ಸಾಮಾನ್ಯ ಮೆಕ್ಯಾನಿಕ್‌ಗೆ ಅಧಿಕಾರವಿಲ್ಲ. ವಿಶೇಷ ತಪಾಸಣಾ ಅಧಿಕಾರ ಪಡೆದವರೇ ಆಗಬೇಕು ಅಥವಾ ಅನುಮತಿ ಪಡೆದ ದುರಸ್ತಿ ಕೇಂದ್ರವಾಗಬೇಕು. ವಿಮಾನ ನಿಂತಿದ್ದ ಅವಧಿಯಲ್ಲಿ ಆ ಮಾದರಿಗೆ ಹೊರಬಿದ್ದ ಸುರಕ್ಷತಾ ಆದೇಶಗಳೆಲ್ಲವೂ ಬಾಕಿ ಸಾಲದಂತೆ ಸೇರಿರುತ್ತವೆ. ವಿಮಾನದ ಚೌಕಟ್ಟು, ಎರಡು ಎಂಜಿನ್, ಎರಡು ಪ್ರೊಪೆಲ್ಲರ್, ಮ್ಯಾಗ್ನೆಟೊ, ಹೀಟರ್ ಹೀಗೆ ಪ್ರತಿ ಭಾಗದ ಪಟ್ಟಿಯೂ ಬೇರೆ. ಇವುಗಳನ್ನು ಪಾಲಿಸಿದ ಪುರಾವೆ ಇರುವುದು ಲಾಗ್ ಪುಸ್ತಕಗಳಲ್ಲಿ. ಪುಸ್ತಕಗಳು ಕಳೆದುಹೋಗಿದ್ದರೆ ಆದ ಕೆಲಸವನ್ನೇ ಮತ್ತೆ ಮಾಡಿಸಿ ತೋರಿಸಬೇಕಾಗುತ್ತದೆ. ಅನುಭವಿಗಳು ವಿಮಾನಕ್ಕಿಂತ ಮೊದಲು ಪುಸ್ತಕಗಳನ್ನು ಕೇಳುವುದು ಇದಕ್ಕಾಗಿಯೇ.

ನಿಂತ ಸ್ಥಳದಲ್ಲಿ ದುರಸ್ತಿಯ ಸೌಲಭ್ಯವಿಲ್ಲದಿದ್ದರೆ ಫೆಡರಲ್ ವಾಯುಯಾನ ಆಡಳಿತ ಸಂಸ್ಥೆಯಿಂದ ವಿಶೇಷ ಹಾರಾಟ ಪರವಾನಗಿ ಪಡೆದು ವಿಮಾನವನ್ನು ಬೇರೆಡೆಗೆ ಒಯ್ಯಬಹುದು. ಪೂರ್ಣ ಯೋಗ್ಯತೆ ಇಲ್ಲದಿದ್ದರೂ ಆ ಒಂದು ಪ್ರಯಾಣಕ್ಕೆ ಸುರಕ್ಷಿತ ಎಂದು ತೋರಿಸಬೇಕು. ಅತ್ಯಗತ್ಯ ಸಿಬ್ಬಂದಿಯ ಹೊರತು ಯಾರನ್ನೂ ಕೂರಿಸುವಂತಿಲ್ಲ. ಭಾರತದಲ್ಲಿ ಈ ಅಧಿಕಾರ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ (ಡಿಜಿಸಿಎ) ಸೇರಿದೆ.

ಮೊದಲ ಹಾರಾಟ

ಎರಡರಲ್ಲಿ ಒಂದು ಎಂಜಿನ್ ನಿಂತರೆ ಅರ್ಧ ಶಕ್ತಿ ಉಳಿಯುತ್ತದೆ, ಆದರೆ ಮೇಲೇರುವ ಸಾಮರ್ಥ್ಯ ಅರ್ಧ ಉಳಿಯುವುದಿಲ್ಲ. ಮಟ್ಟವಾಗಿ ಹಾರಲು ಬೇಕಾದ ಶಕ್ತಿಯನ್ನು ಕಳೆದು ಮಿಕ್ಕದ್ದು ಮಾತ್ರ ಏರಲು ಒದಗುವುದರಿಂದ ಆ ಸಾಮರ್ಥ್ಯದ ಶೇಕಡ ೮೦ ಅಥವಾ ಅದಕ್ಕೂ ಹೆಚ್ಚು ಭಾಗ ನಷ್ಟವಾಗುತ್ತದೆ. ಈ ಮಾದರಿಗಳು ಪ್ರಮಾಣೀಕೃತವಾದ ಕಾಲದ ಅಮೆರಿಕದ ನಿಯಮಗಳಲ್ಲಿ, ತೂಕ ೬,೦೦೦ ಪೌಂಡ್ (ಸುಮಾರು ೨,೭೨೦ ಕಿಲೋಗ್ರಾಂ) ಮೀರದ ಮತ್ತು ಸ್ಟಾಲ್ ವೇಗ ೬೧ ನಾಟ್‌ಗಿಂತ ಹೆಚ್ಚಿಲ್ಲದ ಅವಳಿ ಎಂಜಿನ್ ವಿಮಾನವು ಒಂದೇ ಎಂಜಿನ್‌ನಲ್ಲಿ ಮೇಲೇರಲೇಬೇಕೆಂಬ ಷರತ್ತು ಇರಲಿಲ್ಲ. ಹಾಗಾಗಿ ಉಳಿದ ಎಂಜಿನ್ ವಿಮಾನವನ್ನು ಅಪಘಾತದ ಸ್ಥಳದವರೆಗೆ ಮುಟ್ಟಿಸಲಷ್ಟೇ ಇದೆ ಎಂಬ ಕಹಿ ಹಾಸ್ಯ ಪೈಲಟ್‌ಗಳಲ್ಲಿ ಪ್ರಚಲಿತವಾಗಿದೆ. ವೇಗಮಾಪಕದ ಕೆಂಪು ಗೆರೆಗಿಂತ ಕಡಿಮೆ ವೇಗದಲ್ಲಿ ಒಂದು ಎಂಜಿನ್ ನಿಂತರೆ, ಇನ್ನೊಂದರ ಪೂರ್ಣ ಶಕ್ತಿಯು ವಿಮಾನವನ್ನು ಒಂದು ಪಕ್ಕಕ್ಕೆ ತಿರುಗಿಸಿ ಮಗುಚಿಹಾಕುತ್ತದೆ. ಆಗ ಚಾಲನೆಯಲ್ಲಿರುವ ಎಂಜಿನ್‌ನ ಶಕ್ತಿಯನ್ನು ತಗ್ಗಿಸುವುದೇ ಬದುಕುವ ದಾರಿ. ಅದೇ ಮಾಪಕದ ನೀಲಿ ಗೆರೆ ಒಂದು ಎಂಜಿನ್‌ನಿಂದ ಅತ್ಯುತ್ತಮವಾಗಿ ಏರಬಲ್ಲ ವೇಗವನ್ನು ಸೂಚಿಸುತ್ತದೆ. ಈ ಎರಡು ಗೆರೆಗಳನ್ನು ನಂಬಲು ಪಿಟೊ ಕೊಳವೆ ಸ್ವಚ್ಛವಾಗಿರಬೇಕು ಎಂಬುದನ್ನು ಇಲ್ಲಿ ಮತ್ತೆ ನೆನೆಯಬೇಕು.

ಹಳೆಯ ಲ್ಯಾಂಡಿಂಗ್ ಗೇರ್ ಮೇಲೆ ನಂಬಿಕೆಯಿಲ್ಲದೆ ಮೊದಲ ಹಾರಾಟದಲ್ಲಿ ಚಕ್ರಗಳನ್ನು ಇಳಿಬಿಟ್ಟೇ ಹಾರುವ ರೂಢಿಯಿದೆ. ಏಕ ಎಂಜಿನ್ ವಿಮಾನಕ್ಕೆ ಇದು ಸಮಂಜಸ. ಅವಳಿ ಎಂಜಿನ್ ವಿಮಾನಕ್ಕೆ ಇದು ಕಠಿಣ ಆಯ್ಕೆ: ಇಳಿಬಿಟ್ಟ ಚಕ್ರಗಳ ಎಳೆತದೊಂದಿಗೆ ಒಂದು ಎಂಜಿನ್ ನಿಂತರೆ ಅಪಾಚೆಯಂಥ ವಿಮಾನ ಎತ್ತರವನ್ನು ಉಳಿಸಿಕೊಳ್ಳುವುದೂ ಅನುಮಾನ. ಜಾಕ್ ಮೇಲಿನ ಪರೀಕ್ಷೆಯನ್ನು ಸರಿಯಾಗಿ ಮುಗಿಸಿ ಚಕ್ರಗಳನ್ನು ಮಡಚುವುದೇ ಹೆಚ್ಚು ಸುರಕ್ಷಿತವೆನಿಸುತ್ತದೆ. ಕಡಿಮೆ ತೂಕ, ತಂಪಾದ ಬೆಳಗು, ಉದ್ದನೆಯ ಓಡುದಾರಿ, ಆ ಮಾದರಿಯನ್ನು ಇತ್ತೀಚೆಗೆ ಹಾರಿಸಿದ ಪೈಲಟ್ ಇವು ಉಳಿದ ಷರತ್ತುಗಳು. ಏರಿದ ಮೇಲೆ ನಿಲ್ದಾಣದ ಮೇಲೆಯೇ ಸುತ್ತುತ್ತಾ ಸಾಕಷ್ಟು ಎತ್ತರ ಪಡೆದು, ಇಳಿದೊಡನೆ ಎಂಜಿನ್ ಕವಚಗಳನ್ನು ತೆರೆದು ಸೋರಿಕೆಗಳಿಗಾಗಿ ನೋಡುತ್ತಾರೆ. ದೂರದ ಪ್ರಯಾಣ ಅದರ ನಂತರದ ಮಾತು.

ಆರ್ಥಿಕ ಅಂಶಗಳು

ಎರಡು ಎಂಜಿನ್ ಮತ್ತು ಎರಡು ಪ್ರೊಪೆಲ್ಲರ್‌ಗಳ ಓವರ್‌ಹಾಲ್ ಖರ್ಚು ಸುಸ್ಥಿತಿಯಲ್ಲಿರುವ ಅದೇ ಮಾದರಿಯ ಮಾರುಕಟ್ಟೆ ಬೆಲೆಯನ್ನು ಅನೇಕ ವೇಳೆ ಮೀರುತ್ತದೆ. ಓವರ್‌ಹಾಲ್‌ಗಳ ನಡುವೆ ಹನ್ನೆರಡು ವರ್ಷ ಮೀರಬಾರದೆಂದು ಲೈಕಮಿಂಗ್ ಸಲಹೆ ನೀಡಿದ್ದರೂ ಅಮೆರಿಕದ ಖಾಸಗಿ ಮಾಲೀಕನಿಗೆ ಅದು ಕಾನೂನಿನ ಕಡ್ಡಾಯವಲ್ಲ. ಆದ್ದರಿಂದ ತಪಾಸಣೆ ಮಾಡಿಸಿ ಹಳೆಯ ಎಂಜಿನ್‌ಗಳಲ್ಲೇ ಹಾರುವವರೂ ಇದ್ದಾರೆ. ಒಂದು ಎಂಜಿನನ್ನು ಮಾತ್ರ ಓವರ್‌ಹಾಲ್ ಮಾಡಿಸುವುದು ಖರ್ಚನ್ನು ಹಂಚಿಕೊಳ್ಳುವ ಇನ್ನೊಂದು ದಾರಿ. ಎರಡೂ ಒಂದೇ ಕಾರಣದಿಂದ ಕೆಡುವ ಸಂಭವವನ್ನಾದರೂ ಅದು ತಗ್ಗಿಸುತ್ತದೆ.

'ಉಚಿತವಾಗಿ' ದೊರೆತ ವಿಮಾನದ ಮೇಲೆ ನಿಲ್ದಾಣದ ಬಾಡಿಗೆಯ ಬಾಕಿಯೋ ಮೆಕ್ಯಾನಿಕ್‌ನ ಹಕ್ಕೋ ಇರಬಹುದಾದ್ದರಿಂದ ಒಡೆತನದ ದಾಖಲೆಗಳನ್ನು ಕೊಳ್ಳುವ ಮೊದಲೇ ಶೋಧಿಸುತ್ತಾರೆ. ತೊಲೆಯಲ್ಲಿ ಲೋಹಕ್ಷಯ ಕಂಡುಬಂದ ವಿಮಾನಗಳು ಸಾಮಾನ್ಯವಾಗಿ ಬಿಡಿಭಾಗಗಳಾಗಿ ಮಾರಾಟವಾಗುತ್ತವೆ. ತಯಾರಿಕೆ ನಿಂತುಹೋದ ಮಾದರಿಗಳ ಕಿಟಕಿ ಚೌಕಟ್ಟು, ಬಾಗಿಲು, ಲ್ಯಾಂಡಿಂಗ್ ಗೇರಿನ ಸನ್ನೆ, ನಿಯಂತ್ರಣ ಫಲಕ ಇವು ಇನ್ನೂ ಹಾರುತ್ತಿರುವ ಸೋದರ ವಿಮಾನಗಳಿಗೆ ಹೋಗುತ್ತವೆ. ಮಿಕ್ಕ ಒಡಲು ತಾಂತ್ರಿಕ ಶಾಲೆಯ ಪಾಠಕ್ಕೋ ಅಗ್ನಿಶಾಮಕ ದಳದ ಅಭ್ಯಾಸಕ್ಕೋ ಬಳಕೆಯಾಗುವುದುಂಟು. ಹೀಗೆ ಬಿಚ್ಚಿಹಾಕಿದ ವಿಮಾನದ ನೋಂದಣಿಯನ್ನು ರದ್ದುಪಡಿಸಲು ಮಾಲೀಕನು ಪ್ರಮಾಣಪತ್ರವನ್ನು ಫೆಡರಲ್ ವಾಯುಯಾನ ಆಡಳಿತ ಸಂಸ್ಥೆಗೆ ಹಿಂತಿರುಗಿಸಬೇಕಾಗುತ್ತದೆ.